ದಾಂಡೇಲಿಗೆ ಹೊರಟ ದುಃಖ

ನಮ್ಮ ಮನೆಯವರು ನಗಲಿಕ್ಕೆಂದು ಎಲ್ಲಿಗಾದರೂ ಹೊರಟರೆ, ಅಳು ನಮಗಿಂತ ಮೊದಲೇ ಹೋಗಿ ಅಲ್ಲಿ ಜಾಗ ಹಿಡಿದು ಕುಳಿತಿರುತ್ತದೆ. ಇದು ಇವತ್ತಿನದಲ್ಲ. ಮಳೆಗಾಗಿ ಬಾಯಿ ತೆರೆದು ಕೂಡುವ ಈ ವಿಜಯಪುರದಲ್ಲಿ ನನ್ನ ಮದುವೆಯ ದಿನ ಮಾತ್ರ ಮಳೆ ಸುರಿದು ಹಂದರ ನೆಲಕ್ಕೆ ಬಿದ್ದಿತ್ತು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ ಇದೆ. ನನ್ನ ಮುಖ ನೋಡಿದ ಗಿರಾಕಿಗಳು ಚೌಕಾಶಿ ಮಾಡುವುದಿಲ್ಲ. ಈತನಿಗೆ ಮೊದಲೇ ಏನೋ ಆಗಿದೆ ಎಂದುಕೊಂಡು ಸುಮ್ಮನೆ ಹೋಗುತ್ತಾರೆ.

ಕಳೆದ ದಸರೆ ಮುಗಿದ ಮೇಲೆ ಅಪ್ಪ ತೀರಿಹೋದ. ಅವತ್ತಿನಿಂದ ಅವ್ವ ಒಳಗಿನ ಕೋಣೆ ಹಿಡಿದಳು. ಮಾತು ಎಂದರೆ ಹೂಂ, ಇಲ್ಲದಿದ್ದರೆ ಊಹೂಂ. ಊಟ ಅರ್ಧ ರೊಟ್ಟಿಗೆ ಇಳಿಯಿತು, ಆಮೇಲೆ ಒಂದು ಚೂರಿಗೆ. ಬೇಸಿಗೆ ಬರುವ ಹೊತ್ತಿಗೆ ಗೋಡೆ ಹಿಡಿಯದೆ ಏಳಲು ಬರದಂತಾದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಔಷಧ ಕೊಡಬಲ್ಲೆ, ಹಸಿವು ಎಲ್ಲಿಂದ ಕೊಡಲಿ? ಹೀಗೇ ಬಿಟ್ಟರೆ ಈ ಮಳೆಗಾಲ ದಾಟುವುದು ಕಷ್ಟ. ಎಲ್ಲಾದರೂ ತಂಪು ಇರುವ ಕಡೆ ಕರೆದುಕೊಂಡು ಹೋಗಿ. ಮಾತಾಡಲಿ, ಉಣ್ಣಲಿ," ಎಂದರು.

ಅಪ್ಪ ಪ್ರತಿ ಬೇಸಿಗೆಗೂ ಅವ್ವನಿಗೆ ಗುಡ್ಡ, ಅಡವಿ, ಹುಲಿ ತೋರಿಸುತ್ತೇನೆಂದು ಹೇಳುತ್ತಿದ್ದ. ಪ್ರತಿ ಬೇಸಿಗೆಗೂ ಸ್ಕೂಟರಿನ ಮೇಲೆ ಭೂತನಾಳ ಕೆರೆಯ ಏರಿಗೆ ಕರೆದುಕೊಂಡು ಹೋಗಿ, ಕಲ್ಲಂಗಡಿ ಕೊಡಿಸಿ, "ಈ ವರ್ಷ ಇಷ್ಟು. ಮುಂದಿನ ಬ್ಯಾಸಿಗಿಗಿ ಖರೇ ಗುಡ್ಡ," ಎನ್ನುತ್ತಿದ್ದ. ಅವ್ವ ಖರೇ ಗುಡ್ಡ ನೋಡಲೇ ಇಲ್ಲ. ಅದಕ್ಕೇ ದಾಂಡೇಲಿ ಎಂದು ನಿಶ್ಚಯಿಸಿದೆವು. ಕೇಳಿದಾಗ ಅವ್ವ ಹೂಂ ಅಂದಳು. ಬೇಡವೇ ಎಂದಿದ್ದರೂ ಹೂಂ ಅನ್ನುತ್ತಿದ್ದಳು.

೧. ನೀರಿನ ಕ್ಯಾನು

ಗಾಡಿ ಟಿಕೋಟಾದ ಚಾಚಾನದು. ಚಾಚಾ ಅಪ್ಪನ ದೋಸ್ತ್. ಮೊದಲು ಸೋಲಾಪುರದಿಂದ ನಮ್ಮ ಅಂಗಡಿಯ ಮಾಲು ತರುತ್ತಿದ್ದರು, ಈಗ ಒಂದು ಹಳೆಯ ಕ್ರೂಸರ್ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಾರೆ. ಅವರು ಬೆಳಗಾಗುವಷ್ಟರಲ್ಲಿ ತೊರವಿ ದಾಟಿ ಬಂದು ಮನೆಯ ಮುಂದೆ ಹಾರ್ನ್ ಹೊಡೆದಾಗ, ನನ್ನ ಹೆಂಡತಿ ನೀರಿನ ಕ್ಯಾನುಗಳನ್ನು ಒಂದೊಂದಾಗಿ ಹೊರಗೆ ತಂದು ಇಡುತ್ತಿದ್ದಳು. ಕುಡಿಯುವ ನೀರಿನ ಬಾಟಲಿಗಳಲ್ಲ, ಎರಡು ಕೈಯಿಂದ ಎತ್ತಬೇಕಾದ ಕ್ಯಾನುಗಳು.

ಚಾಚಾ ಸ್ವಲ್ಪ ಹೊತ್ತು ನೋಡಿದರು. "ತಂಗೀ, ನಾವು ಹೊಂಟಿದ್ದು ಕಾಳಿ ನದಿ ದಂಡಿಗಿ. ಅಲ್ಲಿ ಮಂದಿ ನೀರಾಗ ಬೀಳಾಕ ರೊಕ್ಕಾ ಕೊಡತಾರ," ಎಂದರು.

"ಇರಲಿ ಬಿಡ್ರಿ ಚಾಚಾ. ನಿನ್ನೆ ನಳಾ ಬಂದೈತಿ. ತುಂಬಿದ ನೀರ ಬಿಟ್ಟು ಹೋಗಾಕ ಮನಸ್ಸು ತಡಿಯವಲ್ದು," ಎಂದಳು ಹೆಂಡತಿ.

ನಳ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರದ ಓಣಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದರ ಮೇಲೆ ಏನು ಹೇಳುವುದು? ಅಷ್ಟರಲ್ಲಿ ಎದುರು ಮನೆಯಾಕೆ ಬಾಗಿಲಿಗೆ ಬಂದಳು. ಸಾವಾಗಿ ವರ್ಷ ತುಂಬುವ ಮೊದಲೇ ಟೂರಿಗೆ ಹೊರಟವರನ್ನು ನೋಡಲಿಕ್ಕೆ ಬಂದಾಕೆ ಕ್ಯಾನು ನೋಡಿ ನಿಂತಳು.

"ಎಲ್ಲಿ ನೀರಿಲ್ಲರೀ, ಇಷ್ಟು ಒಯ್ಯಾಕತ್ತೀರಿ?"

ನನ್ನ ಹೆಂಡತಿ ಟೂರು ಎನ್ನುವ ಮಾತು ತಪ್ಪಿಸಲು, "ದಾಂಡೇಲ್ಯಾಗ," ಎಂದುಬಿಟ್ಟಳು.

ಎದುರು ಮನೆಯಾಕೆ ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ಪಾಪ, ಅಲ್ಲೀನೂ ಹಿಂಗ ಆಗೈತೇನು? ತಡೀರಿ," ಎಂದು ಒಳಗೆ ಹೋಗಿ ತನ್ನದೂ ಒಂದು ಕ್ಯಾನು ತಂದು ಗಾಡಿಯೊಳಗೆ ಇಟ್ಟಳು.

೨. ಮೊದಲು ಅತ್ತು ಮುಗಿಸುವುದು

ಅಕ್ಕನನ್ನು ಕೊಟ್ಟದ್ದು ಬಬಲೇಶ್ವರಕ್ಕೆ. ನಮ್ಮ ದಾರಿಯೂ ಅದೇ ಆಗಿದ್ದರಿಂದ ಅವಳನ್ನು ಅಲ್ಲಿಯೇ ಹತ್ತಿಸಿಕೊಳ್ಳಬೇಕಿತ್ತು. ಅಕ್ಕನಿಗೆ ಬಿಸಿಲು, ಚೇಳು, ಗಂಡ ಯಾವುದರ ಭಯವೂ ಇಲ್ಲ, ಮಂದಿ ಏನಂದಾರು ಎನ್ನುವುದೊಂದೇ ಭಯ. ವರ್ಷದ ದುಃಖ ಇರುವಾಗ ಅವ್ವನನ್ನು ಟೂರಿಗೆ ಕರೆದುಕೊಂಡು ಹೋದರೆಂದು ನಾಳೆ ಯಾರಾದರೂ ಆಡಿಕೊಂಡರೆ? ಆದ್ದರಿಂದ ಅವಳು ಹಿಂದಿನ ದಿನವೇ ಎಲ್ಲ ಬೀಗರಿಗೂ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ನೆಂಟರಿಗೆಲ್ಲ, ತಾನೇ ಫೋನು ಮಾಡಿ, "ಟೂರ್ ಅಲ್ಲರೀ. ಅವ್ವಗ ಆರಾಮಿಲ್ಲ. ಹವಾ ಬದಲಿಗಂತ ಹೊಂಟೇವಿ," ಎಂದು ಹೇಳಿಟ್ಟಿದ್ದಳು.

ಎಡವಟ್ಟಾದದ್ದು ಅಲ್ಲಿಯೇ. ನಮ್ಮ ಕಡೆ ಸಾವಾದ ಮನೆಗೆ ಬೀಗರು ಬಂದು ಮಾತಾಡಿಸಿ ಹೋಗಬೇಕು. ಮಾತಾಡಿಸುವುದು ಎಂದು ಹೆಸರೇ ಹೊರತು ಅದರಲ್ಲಿ ಮಾತು ಕಡಿಮೆ. ಹೆಂಗಸರು ತೆಕ್ಕೆಬಿದ್ದು, ಹೋದವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿ ಅಳುತ್ತಾರೆ. ಆಮೇಲೆ ಮುಖ ತೊಳೆದು ಚಹಾ ಕುಡಿಯುತ್ತಾರೆ. ಆರೇಳು ತಿಂಗಳಿಂದ ನಮ್ಮ ಮನೆಯಲ್ಲಿ ಇದು ನಡೆದೇ ಇತ್ತು. ಬರಲಿಕ್ಕಾಗದೆ ಉಳಿದವರು ಕೆಲವರಿದ್ದರು. ಅವರೆಲ್ಲ ಇದ್ದದ್ದು ಗಲಗಲಿ, ಮುಧೋಳ, ಲೋಕಾಪುರದಲ್ಲಿ, ಅಂದರೆ ಸರಿಯಾಗಿ ನಮ್ಮ ದಾರಿಯ ಮೇಲೆ. "ಹೆಂಗೂ ನಮ್ಮ ಬಾಗಲ ಮುಂದ ಹೊಂಟೀರಿ, ಮಾತಾಡಿಸಿ ಬಿಡತೇವಿ. ಇಳದು ಹೋಗ್ರಿ," ಎಂದು ಎಲ್ಲರೂ ಹೇಳಿದ್ದರಂತೆ. ಬಾಗಿಲ ಮುಂದೆ ಹಾದು ಇಳಿಯದೆ ಹೋದರೆ ಆ ಸಿಟ್ಟು ಒಂದು ತಲೆಮಾರು ನಡೆಯುತ್ತದೆ.

ನನಗೆ ತಲೆ ಕೆಟ್ಟಿತು. "ಅಕ್ಕಾ, ಅವ್ವನ ಮನಸ್ಸು ಹಗರ ಆಗಲಿ ಅಂತ ಕರಕೊಂಡು ಹೊಂಟೇವಿ. ನೀ ದಾರಿ ತುಂಬ ಅಳಾಕ ಮಂದಿ ನಿಲ್ಲಿಸಿದೀಯಲ್ಲ," ಎಂದೆ.

"ಏನ್ ಮಾಡೂದು ತಮ್ಮಾ, ಬೀಗರು. ಹೋಗೂ ದಾರ್‍ಯಾಗ ಅತ್ತು ಮುಗಿಸಿಬಿಡೋಣು. ದಾಂಡೇಲಿ ಮುಟ್ಟಿದ ಮ್ಯಾಲೆ ನಕ್ಕರಾತು," ಎಂದಳು ಅಕ್ಕ.

ಚಾಚಾ ಕೀಲಿ ತಿರುಗಿಸಿದರು. "ಮದವಿ ಟ್ರಿಪ್ ಹೊಡದೇನಿ, ಇಲೆಕ್ಷನ್ ಟ್ರಿಪ್ ಹೊಡದೇನಿ. ಅಳೂ ಟ್ರಿಪ್ ಇದ ಮೊದಲ," ಎಂದರು.

೩. ಬಂಗಾರದಂಥ ಮನುಷ್ಯ

ಗಲಗಲಿಯಲ್ಲಿ ಅಪ್ಪನ ತಂಗಿ ಅತ್ತಳು. ಅವಳ ಇಬ್ಬರು ಸೊಸೆಯಂದಿರು ಅತ್ತರು. ಅಕ್ಕನೂ ಅತ್ತಳು. ಅವ್ವ ಮಾತ್ರ ಕಂಬಕ್ಕೆ ಒರಗಿ ಹಾಗೇ ಕುಳಿತಿದ್ದಳು. ಕಣ್ಣು ಒಣಗಿದ್ದವು. ಮುಂದೆ ಇಟ್ಟ ಅವಲಕ್ಕಿಯ ತಾಟನ್ನು ಎರಡು ಬೆರಳಿನಿಂದ ಆಚೆ ಸರಿಸಿದಳು. ಮತ್ತೆ ಗಾಡಿ ಹತ್ತಿಸುವಾಗ ಅವಳ ತೋಳು ನನ್ನ ಕೈಗೆ ಹತ್ತಿತು. ಎಲುಬೇ ಇತ್ತು. ಮನೆಯಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಎನಿಸಿ ನನ್ನ ಮೇಲೇ ಸಿಟ್ಟು ಬಂತು.

ಮುಧೋಳ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಿಸಿಗಾಳಿ ತಡೆಯದೆ ನನ್ನ ಹೆಂಡತಿ ತಲೆಯ ಮೇಲಿನ ಸೆರಗನ್ನು ಮುಖದ ತನಕ ಎಳೆದುಕೊಂಡು ಬಾಗಿಲ ಬದಿಯ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅವ್ವ ಹಿಂದಿನ ಸೀಟಿನಲ್ಲಿದ್ದಳು. ನಾನು ಅಲ್ಲಿಯ ಬೀಗರ ಮನೆ ಮುಂದೆ ಇಳಿದು ಅವರು ಕೊಟ್ಟ ಚಹಾದ ಗ್ಲಾಸು ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಅಪ್ಪನ ದೊಡ್ಡಮ್ಮ, ಕಣ್ಣು ಸರಿಯಾಗಿ ಕಾಣದ ಮುದುಕಿ, ಕೋಲು ಊರಿಕೊಂಡು ಬಂದು ಗಾಡಿಯೊಳಗೆ ಕೈ ಹಾಕಿ, ಸಿಕ್ಕ ಕುತ್ತಿಗೆಯನ್ನು ತಬ್ಬಿಕೊಂಡಳು. ಅದು ನನ್ನ ಹೆಂಡತಿಯ ಕುತ್ತಿಗೆ.

"ಬಂಗಾರದಂಥಾ ಗಂಡನ್ನ ಕಳಕೊಂಡು ಹೆಂಗ ಕುಂತೀಯೇ ನನ್ನವ್ವಾ. ಒಂದಿನಾ ದನಿ ಏರಿಸಿದವನಲ್ಲ. ಒಂದಿನಾ ಕೈಬೀಸಿಕೊಂಡು ಮನಿಗಿ ಬಂದವನಲ್ಲ. ಹೆಣ್ತಿ ಅಂದ್ರ ಜೀವಾ ಬಿಡತಿದ್ದನೇ ಯವ್ವಾ."

ಹೆಂಡತಿ ನಿದ್ದೆಗಣ್ಣಿನಲ್ಲಿ ಎದ್ದಳು. ಯಾರೋ ಕುತ್ತಿಗೆ ಹಿಡಿದು ಅಳುತ್ತಿದ್ದಾರೆ. ಬೆಳಗಿನಿಂದ ಇದೇ ನಡೆದಿದೆಯಲ್ಲ ಎಂದು ಅವಳೂ ದನಿ ತೆಗೆದು ಅತ್ತಳು. ಅವಳ ಗಂಡನಾದ ನಾನು ಮೂರು ಮಾರು ಆಚೆ ಚಹಾ ಕುಡಿಯುತ್ತ ನಿಂತಿದ್ದೆ. ಮನೆಯವರಿಗೆಲ್ಲ ತಪ್ಪು ಗೊತ್ತಾಯಿತು, ಆದರೆ ಮುದುಕಿ ಅಷ್ಟು ಮನಸ್ಸಿನಿಂದ ಅಳುವಾಗ ತಡೆಯಲು ಯಾರಿಗೂ ಬಾಯಿ ಬರಲಿಲ್ಲ. ಅಪ್ಪನ ಗುಣಗಳೆಲ್ಲ ನನ್ನ ಹೆಸರಿಗೆ ಜಮಾ ಆಗಿ ಮುಗಿದ ಮೇಲೆಯೇ ಅವಳು ಕೈ ಬಿಟ್ಟಳು.

ಗಾಡಿ ಹೊರಟ ಮೇಲೆ ಹೆಂಡತಿ ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ, "ಹೋದ ಮ್ಯಾಲೆ ನೀವು ಇಷ್ಟು ಚಲೋ ಮನಷ್ಯಾ ಆಗತೀರಿ ಅಂತ ನನಗ ಗೊತ್ತಿದ್ದಿಲ್ಲ ನೋಡ್ರಿ," ಎಂದಳು.

ಚಾಚಾ ನಕ್ಕು ನಕ್ಕು ಸ್ಟೇರಿಂಗ್ ಬಡಿದರು. ಕನ್ನಡಿಯಲ್ಲಿ ಹಿಂದೆ ನೋಡುತ್ತ ನನಗೆ ಮೆಲ್ಲಗೆ, "ವೈನಿ ತುಟಿ ಅಳ್ಳಾಡಿತು," ಎಂದರು. ಅವ್ವನನ್ನು ಅವರು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ನಾನು ತಿರುಗಿ ಅವ್ವನ ಮುಖ ನೋಡಿದೆ. ಏನೂ ಇರಲಿಲ್ಲ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಲೋಕಾಪುರದಲ್ಲಿ ಇನ್ನೊಂದು ಮನೆ ಇತ್ತು, ಅವ್ವನಿಗೆ ತಂಗಿಯಾಗಬೇಕಾದ ಚಿಗವ್ವನದು. ಅಪ್ಪ ಹೋದಾಗ ಅವಳು ಕಾಲು ಮುರಿದುಕೊಂಡು ಮಲಗಿದ್ದಳು, ಆದ್ದರಿಂದ ಅವಳು ಅಳುವುದು ಪೂರ್ತಿ ಬಾಕಿ ಇತ್ತು. ನಿಲ್ಲಿಸಬೇಡಿರಿ ಎಂದು ಚಾಚಾಗೆ ಹೇಳಿಬಿಟ್ಟೆ. ಚಿಗವ್ವ ಸೆರಗು ಸರಿಮಾಡಿಕೊಂಡು ಕಟ್ಟೆಯ ಮೇಲೆ ಕಾಯುತ್ತ ನಿಂತಿದ್ದಳು, ನಾವು ಅವಳ ಮುಂದೆಯೇ ಧೂಳು ಎಬ್ಬಿಸಿ ದಾಟಿದೆವು. ಅಲ್ಲಿಂದ ಧಾರವಾಡದ ತನಕ ಅಕ್ಕನ ಫೋನು ರಿಂಗಾಗುತ್ತಲೇ ಇತ್ತು. ಎತ್ತುವ ಧೈರ್ಯ ಅಕ್ಕನಿಗೆ ಇರಲಿಲ್ಲ.

೪. ಹೊರಗಿನ ಮಂಗ

ಹಳಿಯಾಳ ದಾಟಿದ ಮೇಲೆ ಗಿಡಗಳು ಶುರುವಾದವು. ಬೇವಿನ ಗಿಡ ಒಂದಿದ್ದರೆ ಅದರ ಕೆಳಗೆ ಹತ್ತು ಮಂದಿ, ಎರಡು ಆಟೋ, ಒಂದು ಆಕಳು ನಿಲ್ಲುವ ಊರಿನವರು ನಾವು. ನನ್ನ ಹೆಂಡತಿ ಕಿಟಕಿಯಿಂದ ಮುಖ ಹೊರಗೆ ಹಾಕಿ ಬಹಳ ಹೊತ್ತು ನೋಡಿ, "ಇಷ್ಟು ನೆಳ್ಳು ಯಾರೂ ಕೂಡದ ಹಾಳಾಗಾಕತ್ತೈತಿ," ಎಂದು ಹೊಟ್ಟೆ ಉರಿದುಕೊಂಡಳು.

ಕಾಳಿ ನದಿಯ ಕಣಿವೆ ಕಾಣುವ ಒಂದು ತಿರುವಿನಲ್ಲಿ ಚಾಚಾ ಗಾಡಿ ನಿಲ್ಲಿಸಿದರು. ಒಂದರ ಹಿಂದೆ ಒಂದು ಗುಡ್ಡ, ಹಿಂದಿನವು ಮಸಕು ನೀಲಿ. ಕೆಳಗೆ ನದಿ ಹೊಳೆಯುತ್ತಿತ್ತು. ಚೆಂದ ಇತ್ತು. ಆದರೆ ಅಪ್ಪ ಇದನ್ನು ನೋಡಲಿಲ್ಲ ಎನ್ನುವುದು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಬರಲಿಲ್ಲ. ಅವ್ವ ಗಾಡಿಯಲ್ಲೇ ಕುಳಿತು ಆ ಕಡೆ ಮುಖ ಮಾಡಿದ್ದಳು. ನೋಡುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

ರಸ್ತೆ ಬದಿಯ ಗಿಡ್ಡ ಗೋಡೆಯ ಮೇಲೆ ಹೆಂಡತಿ ಬುತ್ತಿ ಬಿಚ್ಚಿದಳು. ಹಪ್ಪಳದಂತೆ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯ ಖಾರ. ಕೈ ತೊಳೆಯಲು ತಿರುಗುವುದರೊಳಗೆ ಕರಿ ಮೂತಿಯ ಒಂದು ಮುಸುವ ಮೇಲಿಂದ ಇಳಿದು, ಬುತ್ತಿಯ ಗಂಟನ್ನು ಹಾಗೇ ಎತ್ತಿಕೊಂಡು ಟೊಂಗೆಯ ಮೇಲೆ ಹೋಗಿ ಕುಳಿತಿತು. ಮೊದಲು ರೊಟ್ಟಿ ಕಡಿಯಿತು. ಸಪ್ಪಳ ಅದಕ್ಕೆ ಸೇರಿತೆಂದು ಕಾಣುತ್ತದೆ, ಮತ್ತೊಂದು ಕಡಿಯಿತು. ಆಮೇಲೆ ಬೆರಳು ಖಾರದೊಳಗೆ ಹಾಕಿ ಪೂರ್ತಿ ಬಾಯಿಗೆ ಇಟ್ಟುಕೊಂಡಿತು.

ಸ್ವಲ್ಪ ಹೊತ್ತು ಅದು ಅಳ್ಳಾಡಲಿಲ್ಲ. ಆಮೇಲೆ ಮೂತಿಯನ್ನು ಟೊಂಗೆಗೆ ತಿಕ್ಕಿತು, ನಾಲಿಗೆ ಹೊರಗೆ ಹಾಕಿತು, ನಮ್ಮ ಕಡೆ ತಿರುಗಿ ಬಯ್ಯಲು ಶುರು ಮಾಡಿತು. ಗಂಟು ಜಾರಿ ಕಣಿವೆಗೆ ಬಿತ್ತು.

"ಹೊರಗಿನ ಮಂಗ್ಯಾ," ಎಂದರು ಚಾಚಾ. "ನಮ್ಮ ಜಿಲ್ಲಾದ ಊಟ ತಡಿಯಂಗಿಲ್ಲ."

ಆಗ ಅವ್ವ ಇಳಿದಳು. ಯಾರೂ ಕೈ ಕೊಟ್ಟಿರಲಿಲ್ಲ. ಬಾಗಿಲು ಹಿಡಿದು ತಾನೇ ಇಳಿದು, ಎದುರು ಮನೆಯಾಕೆ ಕೊಟ್ಟ ಕ್ಯಾನಿನ ಮುಚ್ಚಳ ತಿರುಗಿಸಿ, ಗೋಡೆಯ ಮೇಲೆ ಉಳಿದಿದ್ದ ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ಹಿಂದೆ ಸರಿದು ನಿಂತಳು. ಮುಸುವ ಅವಳನ್ನು ನೋಡಿತು, ನಮ್ಮನ್ನು ನೋಡಿತು, ಇಳಿದು ಬಂದು ಡಬ್ಬಿಗೆ ಮುಖ ಹಾಕಿ ಕುಡಿಯಿತು. ಖಾಲಿ ಆದ ಮೇಲೆ ಅವ್ವ ಮತ್ತೆ ಹಾಕಿದಳು. ಆರೇಳು ತಿಂಗಳಲ್ಲಿ ಅವಳು ತಾನಾಗಿ ಮಾಡಿದ ಮೊದಲ ಕೆಲಸ ಅದು. ಏನಾದರೂ ಅಂದರೆ ನಿಲ್ಲಿಸಿಬಿಟ್ಟಾಳು ಎಂದು ಉಸಿರು ಬಿಗಿಹಿಡಿದು ನಿಂತೆ.

ನನ್ನ ಹೆಂಡತಿಗೆ ಆ ಭಯ ಇರಲಿಲ್ಲ. ಸೊಂಟಕ್ಕೆ ಕೈ ಇಟ್ಟುಕೊಂಡು, "ನೋಡಿದ್ರ್ಯಾ ಚಾಚಾ? ದಾಂಡೇಲ್ಯಾಗ ನೀರಿಲ್ಲ ಅಂತ ನಾ ಸುಳ್ಳ ಹೇಳಿದ್ನೇನು?" ಎಂದಳು.

೫. ಬಾಗಿಲು ಹಾಕಿಕೊಂಡ ಹಕ್ಕಿ

ಮರುದಿನ ಬೆಳಿಗ್ಗೆ ಅಡವಿಯ ಜೀಪಿನಲ್ಲಿ ಹೊರಟೆವು. ಚಾಚಾನೂ ಬಂದರು. ರಾತ್ರಿ ಉಳಿದ ಕಡೆ ಮೆತ್ತನೆಯ ಚಪಾತಿ ಕೊಟ್ಟಿದ್ದರು, ಅವ್ವ ಮುಟ್ಟಿರಲಿಲ್ಲ. ನಿನ್ನೆ ನೀರು ಹಾಕಿದ ಅವ್ವ ಮತ್ತೆ ಮೊದಲಿನ ಅವ್ವನೇ ಆಗಿದ್ದಳು.

ಹುಲಿ ಸಿಗಲಿಲ್ಲ. ನವಿಲು ಸಿಕ್ಕಿತು. ಚಾಚಾ ಮುಖ ತಿರುಗಿಸಿ, "ಇದು ಟಿಕೋಟಾದಾಗ ನಮ್ಮ ದ್ರಾಕ್ಷಿ ತ್ವಾಟದಾಗ ದಿನಾ ಬರತೈತಿ. ಕಲ್ಲ ಒಗದು ಓಡಸತೇವಿ," ಎಂದರು. ಒಂದು ಕಾಡುಕೋಣ ಸಿಕ್ಕಿತು. ಬಬಲೇಶ್ವರದಲ್ಲಿ ಎಮ್ಮೆ ಕಟ್ಟಿರುವ ಅಕ್ಕ ಅದರ ಮೈಕಟ್ಟು ನೋಡಿ, ಇದರ ಹೆಣ್ಣು ಎಷ್ಟು ಹಾಲು ಕೊಡುತ್ತದೆ ಎಂದು ಗೈಡನ್ನು ಕೇಳಿದಳು. "ಕೇಳಾಕ ಹೋದವರು ಯಾರೂ ತಿರುಗಿ ಬಂದಿಲ್ರೀ," ಎಂದ ಗೈಡು.

ಗೈಡು ಮಾತಿನ ಮಲ್ಲ. ಒಂದು ದೊಡ್ಡ ಮರದ ಕೆಳಗೆ ಜೀಪು ನಿಲ್ಲಿಸಿ, ಮೇಲೆ ಕೈ ತೋರಿಸಿದ. ದೊಡ್ಡ ಹಳದಿ ಕೊಕ್ಕಿನ ಮಂಗಟ್ಟೆ ಹಕ್ಕಿಯೊಂದು ಪೊಟರೆಯ ಮುಂದೆ ಕುಳಿತು ಒಳಗೆ ಹಣ್ಣು ಕೊಡುತ್ತಿತ್ತು.

"ಇದು ಗಂಡು," ಎಂದು ಪಿಸುದನಿಯಲ್ಲಿ ಶುರು ಮಾಡಿದ. "ಹೆಣ್ಣು ಒಳಗ ಐತ್ರಿ. ಮೊಟ್ಟಿ ಇಡೂ ಮುಂದ ಒಳಗ ಹೋಗಿ, ಬಾಗಲಾ ತಾನ ಮುಚ್ಚಿಕೊಂಡು ಕುಂದರತೈತಿ. ಒಂದು ಸೀಳು ಅಷ್ಟ ಬಿಡತೈತಿ. ಅದಕ್ಕೂ ಮರಿಗೂ ಗಂಡ ದಿನಾ ಊಟಾ ತಂದು ಕೊಡಬೇಕು."

ಈ ಕತೆ ಎಲ್ಲಿಗೆ ಹೊರಟಿದೆ ಎಂದು ನಮಗೆಲ್ಲ ಒಮ್ಮೆಲೇ ಹೊಳೆಯಿತು. ನಾನು ಕೆಮ್ಮಿದೆ. ಹೆಂಡತಿ ಹುಲಿ ಕಂಡಿತೆಂದು ಸುಳ್ಳೇ ಆಚೆ ಬೊಟ್ಟು ಮಾಡಿದಳು. ಅಕ್ಕ ಗೈಡಿನ ಕಾಲು ತುಳಿಯಬೇಕೆಂದು ಬಲವಾಗಿ ತುಳಿದಳು, ಅದು ನನ್ನ ಕಾಲು. ಗೈಡು ಯಾವುದಕ್ಕೂ ಬಗ್ಗಲಿಲ್ಲ.

"ಒಂದು ವೇಳೆ ಆ ಗಂಡ ಸತ್ತು ಹೋತು ಅನಕೋರಿ," ಎಂದು ದನಿಗೆ ದುಃಖ ತುಂಬಿಕೊಂಡ, "ಹೆಣ್ಣು ಅದರ ದಾರಿ ಕಾಯಕೋಂತ, ಒಳಗ ಕುಂತಲ್ಲೇ ಹಸದು ಸತ್ತು ಹೋಗತೈತ್ರಿ."

ಅವ್ವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಇಲ್ಲಿಯ ತನಕ ಕರೆದುಕೊಂಡು ಬಂದು ಇದನ್ನು ಕೇಳಿಸಿದೆನಲ್ಲ ಎಂದು ಸತ್ತಂತಾಯಿತು.

"ಬಾಗಲಾ ಅಕಿನ ಹಾಕ್ಕೊಂಡಾಳ?"

ಯಾರು ಕೇಳಿದರೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ದನಿ ಕೇಳಿ ಅಷ್ಟು ದಿನವಾಗಿತ್ತು.

"ಹೌದ್ರಿ ಅಮ್ಮಾ," ಎಂದ ಗೈಡು.

"ಒಡದು ಹೊರಗ ಬರಾಕ ಬರತೈತಿಲ್ಲೋ?"

"ಬರತೈತ್ರಿ. ಕೊಕ್ಕಿನಿಂದ ಕುಕ್ಕಿದ್ರ ಒಡೀತೈತಿ."

ಅವ್ವ ಪೊಟರೆಯ ಕಡೆ ಕತ್ತು ಚಾಚಿ ನೋಡಿದಳು. "ಮತ್ತ ಗಂಡ ಸತ್ತಾನಂತ ಅಕಿ ಒಳಗ ಕುಂತಿಲ್ಲ ತಮ್ಮಾ," ಎಂದಳು. "ಹೊರಗ ಬಂದ್ರ ಬೀಗರು ಮಾತಾಡಸಾಕ ಬರತಾರಂತ ಹೆದರಿ ಕುಂತಾಳ."

ಮೊದಲು ಚಾಚಾ ನಕ್ಕರು. ಆಮೇಲೆ ಹೆಂಡತಿ, ಆಮೇಲೆ ನಾನು. ಗೈಡು ತುಟಿಗೆ ಬೆರಳು ಇಟ್ಟು ಶ್ ಶ್ ಎಂದ, ಹಕ್ಕಿ ಹಾರಿ ಹೋಯಿತು. ಅವ್ವನೂ ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣು ತುಂಬಿದವು, ಒರೆಸಿಕೊಳ್ಳಲಿಲ್ಲ. "ದಿನಾ ಯಾರರ ಬಂದು ಅಳಿಸಿ ಹೋಗತಿದ್ರು. ನನ್ನ ಪಾಡಿಗಿ ನಾ ನಿಮ್ಮಪ್ಪನ್ನ ನೆನಸಾಕರೇ ಬಿಟ್ರೇನು?" ಎಂದಳು. ಅಕ್ಕ ಅವಳ ಕೈ ಹಿಡಿದುಕೊಂಡಳು, ಪುಣ್ಯಕ್ಕೆ ಹಾಡಿ ಅಳಲಿಲ್ಲ.

ಜೀಪಿನಲ್ಲಿ ತಿರುಗಿ ಬರುವಾಗ ಮತ್ತೆ ಗುಡ್ಡಗಳು ಕಂಡವು. ಅವ್ವ ಈ ಸಲ ಖರೇ ನೋಡಿದಳು. "ಅವರು ಇದ್ದಿದ್ರ ಇಷ್ಟೊತ್ತಿಗಿ, ಇದಕ್ಕಿಂತ ಭೂತನಾಳ ಕೆರೀನ ಚಲೋ ಅಂತಿದ್ರು," ಎಂದಳು. ಚಾಚಾ ಹೌದೆಂದು ಗೋಣು ಹಾಕಿದರು.

೬. ಚಿಗವ್ವನ ಫೋನು

ಅವ್ವನಿಗೆ ಹಸಿವೆ ಆಯಿತು. ಆದರೆ ಬೇಕಾದದ್ದು ರೊಟ್ಟಿ, ಮತ್ತು ರೊಟ್ಟಿ ಇದ್ದದ್ದು ಕಾಳಿ ಕಣಿವೆಯಲ್ಲಿ. ಚಪಾತಿ ಕೊಟ್ಟರೆ, "ಇದು ಜಡ್ಡಿನವರ ಊಟ," ಎಂದು ಪಕ್ಕಕ್ಕೆ ಇಟ್ಟಳು. ಊರಿಗೆ ಹೊರಟ ದಿನ ಇಡೀ ಅಡವಿಯಲ್ಲಿ ಅವಳಿಗೆ ಒಂದು ಜೋಳದ ರೊಟ್ಟಿ ಹುಡುಕಲಾರದೆ ನಾವು ಒದ್ದಾಡಿದೆವು. ಇಷ್ಟು ತಿಂಗಳ ಮೇಲೆ ಬಂದ ಹಸಿವು ಹಾಗೇ ಹೋಗಿಬಿಟ್ಟರೆ ಎನ್ನುವುದೇ ನನ್ನ ಭಯ.

ಯರಗಟ್ಟಿ ದಾಟುವಾಗ ಅಕ್ಕನ ಫೋನು ರಿಂಗಾಯಿತು. ಲೋಕಾಪುರದ ಚಿಗವ್ವ. ಅಕ್ಕ ಈ ಸಲ ಹೆದರಿಕೊಂಡೇ ಎತ್ತಿದಳು. ಆ ಕಡೆಯ ದನಿ ಗಾಡಿಯಲ್ಲಿ ಎಲ್ಲರಿಗೂ ಕೇಳುತ್ತಿತ್ತು. "ನನ್ನ ಬಾಗಲಾ ನಿಮಗ ಕಾಣಲಿಲ್ಲೇನು? ಒಂದಿಷ್ಟು ಅಳಾಕ ನಾ ಬ್ಯಾಡಾದ್ನೇನು? ಕಟ್ಟಿ ಮ್ಯಾಲೆ ನಿಂತು ನಿಂತು ಮುರದ ಕಾಲು ಮತ್ತ ನೋಯಾಕತ್ತೈತಿ."

ಹಿಂದಿನ ಸೀಟಿನಿಂದ ಒಂದು ಕೈ ಬಂತು.

"ಇಲ್ಲಿ ತಾ," ಎಂದು ಅವ್ವ ಫೋನು ಇಸಿದುಕೊಂಡಳು. "ಯಾಕ ಒದರಾಕತ್ತೀಯೇ? ಬರತೇವಿ. ಬಿಸಿ ರೊಟ್ಟಿ ಬಡಿ, ಬದ್ನಿಕಾಯಿ ಎಣಗಾಯಿ ಮಾಡು. ಭಾಳ ಹಸದೇನಿ."

ಆ ಕಡೆ ಚಿಗವ್ವ ಮೂಗು ಏರಿಸುತ್ತ ದನಿ ತೆಗೆಯಲು ಶುರು ಮಾಡಿದ್ದು ಕೇಳಿತು. ಅವ್ವ ಫೋನನ್ನು ಕಿವಿಯಿಂದ ದೂರ ಹಿಡಿದಳು, ಮತ್ತೆ ಹತ್ತಿರ ತಂದುಕೊಂಡಳು.

"ನೋಡ, ಅಳೂದು ಇದ್ರ ಈಗ ಅತ್ತು ಮುಗಿಸಿಡು. ನಾ ಬಂದ ಮ್ಯಾಲೆ ಅತ್ತಿ ಅಂದ್ರ ರೊಟ್ಟಿ ಆರಿ ಹೋಗತಾವ."